ಆರು ಜನ ಸತ್ತದ್ದು ಬರೀ ಕಾಮಾಲೆಯಿಂದಲೇ?



2010ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಎಂಟು ಜನಕ್ಕೆ ಹೆಪಟೈಟಿಸ್ ಬಿ ಕಾಮಾಲೆ ಬಂತು. ಎಂಟರಲ್ಲಿ ಆರು ಜನ ಸತ್ತರು. ವಯಸ್ಸಾಗಿತ್ತು, ಹೋದರು ಅಂತ ಯಾರಾದರೂ ಸುಲಭವಾಗಿ ಹೇಳಿಬಿಡಬಹುದು. ನಾವು ಹಾಗೆ ಹೇಳೋಕೆ ತಯಾರಿಲ್ಲ.

ಈ ವೈರಸ್ಸು ಗಾಳಿಯಲ್ಲಿ ಬರೋದಲ್ಲ, ಅನ್ನ ನೀರಿನಲ್ಲಿ ಬರೋದೂ ಅಲ್ಲ. ರಕ್ತದಿಂದ, ದೇಹಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತೆ. ಹಾಗಾದರೆ ಒಂದೇ ಸೂರಿನ ಕೆಳಗಿನ ಎಂಟು ಜನಕ್ಕೆ ಇದು ಹೇಗೆ ಬಂತು? ತನಿಖೆ ಮಾಡಿದವರಿಗೆ ಉತ್ತರ ಸಿಕ್ಕಿತು. ಎಂಟೂ ಜನ ಸಕ್ಕರೆ ಕಾಯಿಲೆಗಾಗಿ ಬೆರಳು ಚುಚ್ಚಿಸಿಕೊಂಡು ರಕ್ತ ನೋಡಿಸಿಕೊಳ್ಳುತ್ತಿದ್ದವರು. ಆ ಪರೀಕ್ಷೆ ಇಲ್ಲದವರಿಗೆ ಸೋಂಕು ತಗುಲಿರಲಿಲ್ಲ. ಒಬ್ಬರಿಗೆ ಮಾತ್ರ ಅಂತ ತಯಾರಾದ ಚುಚ್ಚುವ ಪೆನ್ನನ್ನು ಹಲವರಿಗೆ ಬಳಸಿದ್ದರು. ಮೀಟರನ್ನು ಶುದ್ಧ ಮಾಡದೆ ಒಬ್ಬರಿಂದ ಇನ್ನೊಬ್ಬರಿಗೆ ಒಯ್ದಿದ್ದರು.

ಸೂಜಿ ಬದಲಾಯಿಸಿದರೂ ಸಾಲದು. ಪೆನ್ನಿನ ಬಾಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೆ ಸಾಕು. ಒಣಗಿದ ರಕ್ತದಲ್ಲೂ ಈ ವೈರಸ್ಸು ಏಳು ದಿನ ಜೀವ ಹಿಡಿದಿರುತ್ತೆ.

ಗೊತ್ತಿರಲಿಲ್ಲ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ. ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ಇಂಥದೇ ಪೆನ್ನಿನಿಂದ ಕಾಮಾಲೆ ಹರಡಿದ್ದನ್ನು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಕೇಂದ್ರ 1990ರಲ್ಲೇ ಪ್ರಕಟಿಸಿತ್ತು. ಮಿಸಿಸಿಪ್ಪಿ, ಉತ್ತರ ಕೆರೊಲಿನಾ, ಲಾಸ್ ಏಂಜಲಿಸ್‌ಗಳ ವೃದ್ಧಾಶ್ರಮಗಳಲ್ಲಿ ಹರಡಿದ್ದನ್ನು 2005ರಲ್ಲಿ ಮತ್ತೆ ಪ್ರಕಟಿಸಿತು. ಐದು ವರ್ಷ ಕಳೆಯಿತು. ಅದೇ ಉತ್ತರ ಕೆರೊಲಿನಾದಲ್ಲಿ ಆರು ಹೆಣ ಬಿತ್ತು. ಇಪ್ಪತ್ತು ವರ್ಷ ಕಾಗದದ ಮೇಲಿದ್ದ ಎಚ್ಚರಿಕೆ ಮುದುಕರ ಮಂಚದ ತನಕ ಬರಲಿಲ್ಲ.

ಯಾಕೆ ಬರಲಿಲ್ಲ? ಅಮೆರಿಕದ ಇಂಥ ಮನೆಗಳಲ್ಲಿ ಮುದುಕರ ಮೈ ಒರೆಸೋರು, ಉಚ್ಚೆ ಬಟ್ಟೆ ಬದಲಿಸೋರು ಬಹುಪಾಲು ಹೆಂಗಸರು. ಅವರಲ್ಲಿ ಕಪ್ಪು ಜನ, ವಲಸೆ ಬಂದವರು ಬಹಳ. ಸಂಬಳ ಕಡಿಮೆ, ಮೈಮುರಿ ಕೆಲಸ. ಏನಾದರೂ ಆದರೆ ಇಂಥವರ ಕಡೆಗೇ ಮೊದಲು ಬೆರಳು ತೋರಿಸೋದು ಸುಲಭ. ಚುಚ್ಚುವ ಕೈಗೆ ಜವಾಬ್ದಾರಿ ಇಲ್ಲ ಅಂತ ನಾವು ಹೇಳೋದಿಲ್ಲ. ಆದರೆ ಒಬ್ಬೊಬ್ಬರಿಗೂ ಬೇರೆ ಪೆನ್ನು ಕೊಡಬೇಕಾದವರು ಯಾರು? ಕೆಲಸ ಕಲಿಸಬೇಕಾದವರು ಯಾರು? ಒಬ್ಬಳ ಕೈಗೆ ಎಷ್ಟು ಮುದುಕರನ್ನು ಒಪ್ಪಿಸಬೇಕು ಅಂತ ಲೆಕ್ಕ ಹಾಕೋರು ಯಾರು? ಕೊನೆಯಲ್ಲಿ ನಿಂತವಳನ್ನು ಕೆಲಸದಿಂದ ಕಿತ್ತುಹಾಕಿ ಲೆಕ್ಕದ ಪುಸ್ತಕ ಮುಚ್ಚಿಬಿಟ್ಟರೆ ಅದನ್ನು ನ್ಯಾಯ ಅನ್ನಬೇಕೇ?

ಲಸಿಕೆ ಇದೆಯಲ್ಲ ಅಂತೀರಿ. ಇದೆ, 1981ರಿಂದಲೇ ಇದೆ. ಆದರೆ ವಯಸ್ಸಾದಂತೆ ಈ ಲಸಿಕೆ ಹಿಡಿಯೋದು ಕಡಿಮೆ. 2011ರಲ್ಲಿ ಅಮೆರಿಕದ ಲಸಿಕೆ ಸಮಿತಿ ಅರವತ್ತರೊಳಗಿನ ಸಕ್ಕರೆ ಕಾಯಿಲೆಯವರಿಗೆ ಕೊಡಿ ಅಂತು, ಅರವತ್ತು ದಾಟಿದವರ ವಿಷಯ ಡಾಕ್ಟರ ವಿವೇಚನೆಗೆ ಬಿಟ್ಟಿತು. ಹಾಗಾಗಿ ಹಣ್ಣು ಮುದುಕರಿಗೆ ದೊಡ್ಡ ಆಸರೆ ಶುದ್ಧವಾದ ಕೈ, ಹೊಸ ಸೂಜಿ, ತಮ್ಮದೇ ಪೆನ್ನು.

ಇನ್ನೊಂದು ಮಾತು ಹೇಳಲೇಬೇಕು. ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾದ ಕೂಡಲೇ ಆ ಮನುಷ್ಯನ ತಟ್ಟೆ ಲೋಟ ಬೇರೆ ಇಡೋರಿದ್ದಾರೆ. ಮುಟ್ಟಿದರೆ ಇದು ಬರೋದಿಲ್ಲ. ಜೊತೆಯಲ್ಲಿ ಕೂತು ಉಂಡರೂ ಬರೋದಿಲ್ಲ. ಬೇರೆ ಲೋಟದ ಅವಮಾನ ಎಂಥದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇರೆ ಇಡಬೇಕಾದ್ದು ಸೂಜಿ, ಬ್ಲೇಡು, ಚುಚ್ಚುವ ಪೆನ್ನು. ಅದನ್ನು ಹಂಚಿಕೊಂಡು ತಟ್ಟೆ ಬೇರೆ ಮಾಡುವ ಬುದ್ಧಿಗೆ ನಮ್ಮ ಧಿಕ್ಕಾರವಿದೆ.

ಹಾಸ್ಟೆಲುಗಳಲ್ಲಿದ್ದು ನರ್ಸಿಂಗ್, ಲ್ಯಾಬ್ ಕೋರ್ಸು ಓದುತ್ತಿರುವ ತಂಗಿಯರೇ, ತಮ್ಮಂದಿರೇ, ನಾಳೆ ಚುಚ್ಚುವ ಕೈ ನಿಮ್ಮದಾಗಬಹುದು. ಎಲ್ಲರಿಗೂ ಇದೊಂದರಲ್ಲೇ ಮುಗಿಸಿಬಿಡು ಅಂತ ಯಾರಾದರೂ ಹೇಳಿದರೆ, ಆಗೋದಿಲ್ಲ ಅನ್ನಿ. ಒಬ್ಬರೇ ಅಂದರೆ ಕೆಲಸ ಹೋದೀತು, ಅದಕ್ಕೇ ಹತ್ತು ಜನ ಸೇರಿ ಅನ್ನಿ. ಹಾಸ್ಟೆಲಿಗೆ ರಕ್ತಪರೀಕ್ಷೆ ಶಿಬಿರ ಬಂದಾಗಲೂ ಬೆರಳು ಚಾಚುವ ಮುಂಚೆ ಕೇಳಿ: ಈ ಸೂಜಿ ಹೊಸದಾ? ಈ ಪೆನ್ನು ಎಷ್ಟು ಜನದ್ದು?

ಕೇಳೋಕೆ ಆಗದೆ ಮಂಚ ಹಿಡಿದ ಮುದುಕರ ಪರವಾಗಿಯೂ ನಾವೇ ಕೇಳಬೇಕು.