ಶೇಕಡಾ 20ರ ಕೈ ಮತ್ತು ಸಮಾಜದ ದಾನಬುದ್ಧಿ

ಜೈನರೆಂದರೆ ವ್ಯಾಪಾರಿಗಳು ಎಂಬ ನಂಬಿಕೆಯನ್ನು ಹೊರಗಿನವರಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿರುವವರು ಜೈನ ಸಂಘಗಳ ಪದಾಧಿಕಾರಿಗಳೇ. ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯ ಚತುರ್ಥ ಕುಟುಂಬಗಳು ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡು ಬಂದವು. ಹೊಲ ಅಣ್ಣತಮ್ಮಂದಿರಲ್ಲಿ ತುಂಡಾದಂತೆಲ್ಲ ಅವುಗಳ ಮಕ್ಕಳು ಪಿಂಪ್ರಿ, ಭೋಸರಿ, ಇಚಲಕರಂಜಿಯ ಕಾರ್ಖಾನೆಗಳನ್ನು ಸೇರಿದ್ದಾರೆ. ಸಂಘದ ವಾರ್ಷಿಕ ಪುಸ್ತಿಕೆಯಲ್ಲಿ ದಾನಿಗಳ ಭಾವಚಿತ್ರಗಳಿರುತ್ತವೆ. ಪ್ರೆಸ್ ಯಂತ್ರದ ಮುಂದೆ ನಿಲ್ಲುವ ಶ್ರಾವಕನ ಹೆಸರು ವಿಳಾಸಪಟ್ಟಿಯಲ್ಲಿಯೂ ಇರುವುದಿಲ್ಲ. ಆತನ ಕೈ ಯಂತ್ರಕ್ಕೆ ಸಿಕ್ಕ ದಿನ ಮಾತ್ರ ಸಮಾಜಕ್ಕೆ ಆತ ಕಾಣಿಸುತ್ತಾನೆ. ಒಂದು ಶಾಲು, ಒಂದು ಚೆಕ್ಕು, ಒಂದು ಛಾಯಾಚಿತ್ರ. ಅಲ್ಲಿಗೆ ಕರುಣೆಯ ಲೆಕ್ಕ ಚುಕ್ತವಾಗುತ್ತದೆ.

ಆದರೆ ಆತನಿಗೆ ಬರಬೇಕಾದ ಲೆಕ್ಕ ಬೇರೆಯೇ ಇದೆ. ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ, ಅಂದರೆ ಕಾರ್ಮಿಕರ ಬಾಯಲ್ಲಿ ಇಎಸ್‌ಐ ಎನಿಸಿಕೊಂಡಿರುವುದರಲ್ಲಿ, ಕೆಲಸದ ವೇಳೆಯ ಅಪಘಾತದಿಂದ ಶಾಶ್ವತ ಅಂಗವಿಕಲತೆ ಉಂಟಾದರೆ ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ವೈದ್ಯಕೀಯ ಮಂಡಳಿ ಶೇಕಡಾವಾರು ನಿಗದಿ ಮಾಡುತ್ತದೆ. ವೇತನದ ಶೇ. 90ನ್ನು ಆ ಪ್ರಮಾಣದಿಂದ ಗುಣಿಸಿದ ಮೊತ್ತ ಆತನಿಗೆ ಜೀವನಪೂರ್ತಿ ಸಲ್ಲುತ್ತದೆ. ಒಂದು ಕೈಯ ಎರಡು ಬೆರಳು ಹೋದರೆ ಕಾಯ್ದೆಯ ಅನುಸೂಚಿ ಹೇಳುವುದು ಶೇ. 20, ಹೆಬ್ಬೆರಳಿಗೆ ಶೇ. 30. ಮಂಡಳಿ ಹೋದ ಬೆರಳುಗಳನ್ನು ಎಣಿಸಿ, ಉಳಿದ ಬೆರಳುಗಳು ಮಡಚದಿರುವುದನ್ನು, ಹಿಡಿತ ನಿಲ್ಲದಿರುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದಿಟ್ಟುಕೊಳ್ಳೋಣ. ದಿನಕ್ಕೆ 600 ರೂಪಾಯಿ ವೇತನದವನಿಗೆ ಶೇ. 20ರಂತೆ ಬರುವುದು ದಿನಕ್ಕೆ 108 ರೂಪಾಯಿ, ಶೇ. 30 ಆದರೆ 162. ವ್ಯತ್ಯಾಸ 54 ರೂಪಾಯಿ. ವರ್ಷಕ್ಕೆ 19,710. ಮೂವತ್ತರ ಹರೆಯದವನು ಇನ್ನು ಮೂವತ್ತು ವರ್ಷ ಬದುಕಿದರೂ ಅದು ಐದೂವರೆ ಲಕ್ಷ ದಾಟುತ್ತದೆ. ಯಾವ ಸಂಘದ ಪರಿಹಾರ ನಿಧಿ ಇಷ್ಟು ಕೊಟ್ಟಿದೆ?

ಈ ವ್ಯತ್ಯಾಸವನ್ನು ಕೇಳುವ ಸ್ಥಳ ನೌಕರರ ವಿಮಾ ನ್ಯಾಯಾಲಯ. 1948ರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಮಂಡಳಿಯ ಮೇಲಿನ ಮೆಟ್ಟಿಲು ಮಾತ್ರ ಉಳಿದಿದೆ. ಸಂಹಿತೆಯನ್ನು ಸರಳೀಕರಣವೆಂದು ಸರ್ಕಾರ ಕೊಂಡಾಡಿತು. ಸರಳವಾದದ್ದು ಕಾನೂನಿನ ಪುಸ್ತಕಗಳ ಸಂಖ್ಯೆ. ಮರಾಠಿಯನ್ನು ತಡವರಿಸುತ್ತ ಮಾತನಾಡುವ, ಇಂಗ್ಲಿಷ್ ಆದೇಶವನ್ನು ಓದಲಾರದ ಅಥಣಿಯ ಹುಡುಗನಿಗೆ ಮೆಟ್ಟಿಲು ಒಂದಂಗುಲವೂ ತಗ್ಗಿಲ್ಲ. ಮೇಲ್ಮನವಿಗೆ ನಿಯಮಗಳು ಕೊಟ್ಟ ಅವಧಿ ಮಂಡಳಿಯ ತೀರ್ಮಾನ ತಿಳಿದಂದಿನಿಂದ ಮೂರು ತಿಂಗಳು. ಅದಕ್ಕಿಂತ ಕ್ರೂರವಾದ ಇನ್ನೊಂದು ಗುಂಡಿಯಿದೆ. ದಿನದ ಮೊತ್ತ ಚಿಕ್ಕದಾಗಿದ್ದಲ್ಲಿ ಅದನ್ನು ಒಂದೇ ಗಂಟಾಗಿ ಪಡೆಯುವ ಅವಕಾಶವುಂಟು. ಹಾಗೆ ಅರ್ಜಿ ಕೊಟ್ಟು ಹಣ ಪಡೆದವನಿಗೆ ಮೇಲ್ಮನವಿಯ ಬಾಗಿಲು ಮುಚ್ಚಿತು. ಸಾಲಗಾರ ಮನೆ ಮುಂದೆ ನಿಂತಿರುವಾಗ ಗಂಟು ಬೇಡವೆನ್ನಲು ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಬೇಕು. ಹೇಳುವವರು ಆ ಹೊತ್ತಿನಲ್ಲಿ ಪಂಚಕಲ್ಯಾಣದ ಸವಾಲಿನಲ್ಲಿರುತ್ತಾರೆ.

ವಿಚಾರಣೆಗೆ ಸಿದ್ಧತೆಯೆಂದರೆ ಆಸ್ಪತ್ರೆಯ ಕಾಗದಗಳ ದಪ್ಪ ಕಡತ ಹೊತ್ತು ಹೋಗುವುದು ಎಂಬ ಭ್ರಮೆ ಕುಟುಂಬಗಳಲ್ಲಿದೆ. ಆ ಕಡತದಲ್ಲಿ ಕೈ ಇರುತ್ತದೆ, ಕೆಲಸವಿರುವುದಿಲ್ಲ. ನ್ಯಾಯಾಧೀಶರು ಅಳೆಯಬೇಕಾದದ್ದು ಆ ಕೈಯಿಂದ ಆ ಕೆಲಸ ಇನ್ನು ಸಾಧ್ಯವೇ ಎಂಬುದನ್ನು. 1975ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯವು ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈಯನ್ನು ಮೊಣಕೈಯ ಮೇಲೆ ಕಳೆದುಕೊಂಡ ಬಡಗಿಯ ನಷ್ಟವನ್ನು ಪೂರ್ಣ ಅಂಗವಿಕಲತೆಯೆಂದೇ ಎತ್ತಿಹಿಡಿಯಿತು. ಬಡಗಿತನ ಒಂದೇ ಕೈಯಿಂದ ಆಗುವ ಕಸುಬಲ್ಲ. ಅದು 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕರಣ. ಆದರೂ ತರ್ಕ ಇಲ್ಲಿಗೂ ದಾರಿ ತೋರುತ್ತದೆ. ಆದ್ದರಿಂದ ಬರೆದುಕೊಳ್ಳಬೇಕಾದದ್ದು ಇದು: ಪಾಳಿಯಲ್ಲಿ ಎಷ್ಟು ತುಂಡು ಹೊರಬೀಳುತ್ತಿತ್ತು, ಯಾವ ಕೈ ಹಾಳೆಯನ್ನು ಹಿಡಿಯುತ್ತಿತ್ತು, ಯಾವುದು ಸನ್ನೆಯನ್ನು ಒತ್ತುತ್ತಿತ್ತು, ಈಗ ಏನನ್ನು ಎತ್ತಲಾಗುವುದಿಲ್ಲ, ಎಷ್ಟು ಹೊತ್ತಿನ ಮೇಲೆ ನೋವು ಏರುತ್ತದೆ. ಪಕ್ಕದ ಯಂತ್ರದಲ್ಲಿ ದುಡಿದವನ ಸಾಕ್ಷ್ಯ, ಅಪಘಾತ ಪುಸ್ತಕದ ನಮೂದು, ವೇತನ ಚೀಟಿ, ಸರ್ಕಾರಿ ಮೂಳೆತಜ್ಞರ ಅಭಿಪ್ರಾಯ, ಎಲ್ಲವೂ ದಿನಾಂಕದ ಕ್ರಮದಲ್ಲಿ.

ಇಷ್ಟಾದ ಮೇಲೆಯೂ ಮರ್ಯಾದೆ ಅಡ್ಡ ಬರುತ್ತದೆ. ಪೀಠದಿಂದ ಹೇಗಿದ್ದೀರೆಂದು ಕೇಳಿದರೆ ಒಕ್ಕಲು ಮನೆತನದವನು ‘ಆರಾಮ ಅದೇನ್ರಿ’ ಎಂದುಬಿಡುತ್ತಾನೆ. ತಂಗಿಯ ಸಂಬಂಧ ಕೆಡಬಾರದೆಂದು ಮನೆಯವರು ಕಲಿಸಿದ ಉತ್ತರವದು. ನ್ಯಾಯಾಲಯದಲ್ಲಿ ಅದೇ ವಿರುದ್ಧ ಸಾಕ್ಷ್ಯ. ಇಲ್ಲದ ನೋವನ್ನು ಸೇರಿಸುವುದು ಸುಳ್ಳಾದರೆ, ಇರುವ ನೋವನ್ನು ನುಂಗುವುದು ಎಂದಿನಿಂದ ಸತ್ಯವ್ರತವಾಯಿತು?

ಇನ್ನೊಂದು ಮಾತು ಸಂಘದ ವೇದಿಕೆಯಲ್ಲಿ ಯಾರೂ ಆಡುವುದಿಲ್ಲ. ಕಾರ್ಖಾನೆಯ ಮಾಲೀಕನೂ ಎಷ್ಟೋ ವೇಳೆ ಶ್ರಾವಕನೇ. ಹಾಜರಿ ಪುಸ್ತಕದಲ್ಲಿ ಹತ್ತನೆಯ ಹೆಸರು ಬರದಂತೆ ನೋಡಿಕೊಳ್ಳುವವನು, 21,000 ರೂಪಾಯಿಯ ವೇತನ ಮಿತಿಯನ್ನು ಕಾಗದದ ಮೇಲೆ ದಾಟಿಸುವವನು, ಅಪಘಾತವನ್ನು ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸುವವನು ನೀರನ್ನು ಸೋಸಿಯೇ ಕುಡಿಯುತ್ತಾನೆ. ಯಂತ್ರಕ್ಕೆ ಕೈರಕ್ಷಕ ಹಾಕಿಸುವುದು ಅಹಿಂಸೆಯ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. ಲೆಕ್ಕಪರಿಶೋಧಕರಿಗೆ ಇದು ಗೊತ್ತಿಲ್ಲದ್ದಲ್ಲ. ಅವರ ಮೇಜಿನ ಮೇಲೆಯೇ ಆ ಪುಸ್ತಕಗಳು ಬರುತ್ತವೆ.

ನ್ಯಾಯಾಲಯದಲ್ಲಿ ಕಾರ್ಮಿಕನ ಪರವಾಗಿ ವಕೀಲರು ನಿಲ್ಲಬಹುದು, ಆತ ಲಿಖಿತ ಅಧಿಕಾರ ಕೊಟ್ಟರೆ ನೋಂದಾಯಿತ ಸಂಘಟನೆಯ ಪದಾಧಿಕಾರಿ ನಿಲ್ಲಬಹುದು, ನ್ಯಾಯಾಲಯದ ಅನುಮತಿಯಿದ್ದರೆ ಆತ ಅಧಿಕಾರ ಕೊಟ್ಟ ಬೇರೊಬ್ಬರೂ ನಿಲ್ಲಬಹುದೆಂದು 1948ರ ಕಾಯ್ದೆಯ 79ನೆಯ ಕಲಮು ಹೇಳಿತ್ತು. ಬಸದಿಯ ಟ್ರಸ್ಟಿಗೆ ತೆರಿಗೆ ವಿನಾಯಿತಿ ತಂದುಕೊಡಲು ರಾತ್ರಿಯಿಡೀ ಕೂರುವ ವೃತ್ತಿಪರರು ಪುಣೆಯಲ್ಲಿಯೂ ಮುಂಬೈಯಲ್ಲಿಯೂ ಸಾಕಷ್ಟಿದ್ದಾರೆ. ಅವರಲ್ಲಿ ಇಬ್ಬರು, ಒಬ್ಬ ವಕೀಲರು, ಕನ್ನಡ-ಮರಾಠಿ ಎರಡೂ ಬಲ್ಲ ಒಬ್ಬ ಮೂಳೆತಜ್ಞರು, ತಿಂಗಳಿಗೊಂದು ಭಾನುವಾರ ಸಂಘದ ಸಭಾಭವನದಲ್ಲಿ ಕುಳಿತರೆ ಮಂಡಳಿಯ ಆದೇಶ ಹಿಡಿದು ಬಂದವನ ಮೂರು ತಿಂಗಳು ವ್ಯರ್ಥವಾಗುವುದಿಲ್ಲ. ಮುಂದಿನ ಕಾರ್ಯಕಾರಿ ಸಭೆಯ ಸೂಚಿಯಲ್ಲಿ ಚಾತುರ್ಮಾಸದ ವೆಚ್ಚದ ಕೆಳಗೆ ಈ ವಿಷಯಕ್ಕೆ ಒಂದು ಸಾಲು ಬೇಕು. ಅದರ ಎದುರಿಗೆ ಹೊಣೆ ಹೊತ್ತವರ ಹೆಸರು ಮತ್ತು ಮೊದಲ ಭಾನುವಾರದ ದಿನಾಂಕವೂ ಬೇಕು.