ಅವರ ಟ್ರಂಕಿನಲ್ಲಿರುವ ಕರಪತ್ರ

ಕಳೆದ ತಿಂಗಳು ಇತಿಹಾಸದ ಸೆಮಿನಾರಿಗೆ ಸರ್ ನನಗೆ ಕೊಟ್ಟ ವಿಷಯ: ಬ್ರಿಟನ್ನಿಗೆ ವಲಸೆ ಹೋದ ಭಾರತ ಉಪಖಂಡದ ಜನ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ವಿಕಿಪೀಡಿಯ ತೆರೆದು, ಅಲ್ಲಿಲ್ಲಿ ಓದಿದ್ದನ್ನು ಅವಸರದಲ್ಲಿ ಕನ್ನಡಕ್ಕೆ ಇಳಿಸುತ್ತಾ ಹೋದೆ. 1981ರಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ 12 ಯುವಕರನ್ನು ಪೊಲೀಸರು ಬಂಧಿಸಿದ ಪ್ರಕರಣ ಬಂತು. ಅವರ ಸಂಘಟನೆಯ ಹೆಸರು ‘ಯುನೈಟೆಡ್ ಬ್ಲ್ಯಾಕ್ ಯೂತ್ ಲೀಗ್’. ನಾನು ‘ಕರಿಯ ಯುವಕರ ಸಂಘ’ ಎಂದು ಬರೆದು, ಇವರೆಲ್ಲ ಆಫ್ರಿಕಾದಿಂದ ಬಂದವರು ಎಂದು ಒಂದು ವಾಕ್ಯವನ್ನೂ ಸೇರಿಸಿದೆ. ತರಗತಿಯಲ್ಲಿ ಓದುವಾಗ ಸರ್ ಅಲ್ಲಿಯೇ ತಡೆದರು. “ಹೆಸರುಗಳನ್ನು ನೋಡಿದೆಯೇನಮ್ಮ?” ಎಂದರು. ನೋಡಿರಲಿಲ್ಲ. ಅವರು ಏಷ್ಯನ್ ಮೂಲದ ಹುಡುಗರು, ನಮ್ಮ ಹಾಜರಿ ಪುಸ್ತಕದಲ್ಲಿ ಇರಬಹುದಾದಂಥ ಹೆಸರಿನವರು.

ಆಮೇಲೆ ತಿಳಿಯಿತು. ಆ ಕಾಲದ ಬ್ರಿಟನ್ನಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದವರು, ಕೆರಿಬಿಯನ್ ದ್ವೀಪಗಳವರು, ಆಫ್ರಿಕನ್ನರು ಒಟ್ಟಾಗಿ ನಿಲ್ಲಬೇಕಾದಾಗ ತಮ್ಮನ್ನು ‘ಬ್ಲ್ಯಾಕ್’ ಎಂದೇ ಕರೆದುಕೊಂಡರು. ಅದು ಮೈಬಣ್ಣದ ಮಾತಲ್ಲ, ಯಾರ ಪಕ್ಕ ನಿಲ್ಲುತ್ತೇವೆ ಎಂಬ ಮಾತು. ಇಂಥ ಅರ್ಥ ನಿಘಂಟಿನಲ್ಲಿ ಸಿಗುವುದಿಲ್ಲ. ಆ ಹೆಸರನ್ನು ಇಟ್ಟುಕೊಂಡವರನ್ನು ಕೇಳಬೇಕು. ಅವರು ಇನ್ನೂ ಇದ್ದಾರೆ. ಆದರೆ 1976ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು.

ನನ್ನ ಅಭಿಪ್ರಾಯ ಇಷ್ಟೆ: ವಲಸೆ ಹೋದವರ ಇತಿಹಾಸವನ್ನು ಆನ್‌ಲೈನ್ ವಿಶ್ವಕೋಶದಲ್ಲಿ ಸರಿಪಡಿಸುವ ಕೆಲಸಕ್ಕೆ ಆ ಹಳೆಯ ಹೋರಾಟಗಾರರನ್ನು ಹುಡುಕಿಕೊಂಡು ಹೋಗಬೇಕು. ಅವರಾಗಿ ಬರಲಿ ಎಂದು ಕಾಯುತ್ತಾ ಕೂರಬಾರದು.

ಗ್ರನ್‌ವಿಕ್ ಮುಷ್ಕರವನ್ನೇ ನೋಡಿ. ಲಂಡನ್ನಿನ ವಿಲ್ಸ್‌ಡನ್‌ನಲ್ಲಿದ್ದ ಫೋಟೊ ತೊಳೆಯುವ ಕಾರ್ಖಾನೆ ಅದು. (ನಮಗೆ ಈಗ ಅರ್ಥವಾಗಲಿಕ್ಕಿಲ್ಲ, ಆಗ ರೀಲನ್ನು ಅಂಚೆಯಲ್ಲಿ ಕಳುಹಿಸಿದರೆ ಫೋಟೊ ತೊಳೆದು ಅಂಚೆಯಲ್ಲೇ ವಾಪಸ್ ಕಳುಹಿಸುತ್ತಿದ್ದರು.) ಅಲ್ಲಿ ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದಿಂದ ಬಂದಿದ್ದ ಗುಜರಾತಿ ಮೂಲದ ಹೆಂಗಸರು. 1976ರ ಆಗಸ್ಟ್‌ನಲ್ಲಿ ಜಯಾಬೆನ್ ದೇಸಾಯಿ ಮತ್ತು ಕೆಲವರು ಕೆಲಸ ಬಿಟ್ಟು ಹೊರಗೆ ಬಂದರು. ಸುಮಾರು ಎರಡು ವರ್ಷ ಗೇಟಿನ ಮುಂದೆ ನಿಂತರು. 1977ರ ಜುಲೈನಲ್ಲಿ ಇವರ ಬೆಂಬಲಕ್ಕೆ ಗಣಿ ಕಾರ್ಮಿಕರೂ ಸೇರಿ ಸಾವಿರಾರು ಬಿಳಿಯ ಕಾರ್ಮಿಕರು ಬಂದರು. 1978ರ ಜುಲೈನಲ್ಲಿ ಮುಷ್ಕರ ಸೋತಿತು. ಪತ್ರಿಕೆಗಳು ಆಗ ಸೀರೆಯುಟ್ಟ ಮುಷ್ಕರಗಾರ್ತಿಯರನ್ನು ಒಂದು ವಿಚಿತ್ರದಂತೆ ನೋಡಿದವು. ಜಯಾಬೆನ್ 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಉಳಿದಿದೆ, ಸಂತೋಷ. ಆದರೆ ಆ ಫೋಟೊಗಳಲ್ಲಿ ಅವರ ಅಕ್ಕಪಕ್ಕ ನಿಂತ ಹೆಂಗಸರು ಯಾರು? ಕೆಳಗೆ ‘ಮುಷ್ಕರನಿರತರು’ ಎಂದಿದ್ದರೆ ಅದು ಹೆಸರಲ್ಲ. ಫೋಟೊದ ಮೇಲೆ ಬೆರಳಿಟ್ಟು “ಇವಳು ಇಂಥವಳು, ಇವಳ ಮನೆಯಿಂದ ಚಹಾ ಬರುತ್ತಿತ್ತು” ಎನ್ನಬಲ್ಲವರು ಜೊತೆಗೆ ನಿಂತಿದ್ದವರು ಮಾತ್ರ.

ಇಲ್ಲಿ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರೊಬ್ಬರು ಒಂದು ಆಕ್ಷೇಪ ಎತ್ತಿದರು. ಅದು ಗಟ್ಟಿಯಾದ ಆಕ್ಷೇಪವೇ. ವಿಕಿಪೀಡಿಯದಲ್ಲಿ ನೆನಪನ್ನು ಬರೆಯುವಂತಿಲ್ಲ. ಪ್ರಕಟವಾದ, ನಂಬಬಹುದಾದ ಆಕರ ಬೇಕು. ಸ್ವಂತ ಸಂಶೋಧನೆ ನಡೆಯುವುದಿಲ್ಲ. ತನಗೆ ಸಂಬಂಧಿಸಿದ ಪುಟವನ್ನು ತಾನೇ ತಿದ್ದುವುದು ಸರಿಯಲ್ಲ. ಹೋರಾಟಗಾರರನ್ನು ಕೂರಿಸಿದರೆ ತಮ್ಮ ಬಗ್ಗೆ ತಾವೇ ಹೊಗಳಿಕೆ ಬರೆದುಕೊಳ್ಳುತ್ತಾರೆ, ಅಷ್ಟೆ, ಎಂದರು.

ನಿಯಮ ಸರಿಯಾಗಿದೆ. ನಿಯಮವಿಲ್ಲದಿದ್ದರೆ ಅದು ವಿಶ್ವಕೋಶವಲ್ಲ, ಸ್ಟೇಟಸ್ ಆಗುತ್ತದೆ. ಆದರೆ ‘ಪ್ರಕಟವಾದ ಆಕರ’ ಎಂದರೆ ಯಾರು ಪ್ರಕಟಿಸಿದ್ದು ಎಂಬ ಪ್ರಶ್ನೆಯೂ ಇದೆಯಲ್ಲವೆ? 1979ರ ಏಪ್ರಿಲ್ 23ರಂದು ಲಂಡನ್ನಿನ ಸೌತಾಲ್‌ನಲ್ಲಿ ವಲಸಿಗರ ವಿರೋಧಿಗಳಾದ ನ್ಯಾಷನಲ್ ಫ್ರಂಟ್ ಪಕ್ಷದವರು ಟೌನ್ ಹಾಲ್‌ನಲ್ಲಿ ಚುನಾವಣಾ ಸಭೆ ಇಟ್ಟರು. ಪಂಜಾಬಿಗಳೇ ತುಂಬಿದ್ದ ಊರು ಅದು. ಜನ ಪ್ರತಿಭಟನೆಗೆ ಇಳಿದರು. ಬೆಂಬಲಕ್ಕೆ ಬಂದಿದ್ದ ಬ್ಲೇರ್ ಪೀಚ್ ಎಂಬ ಶಿಕ್ಷಕ, ನ್ಯೂಜಿಲೆಂಡಿನವರು, ತಲೆಗೆ ಏಟು ಬಿದ್ದು ಸತ್ತರು. ಹೊಡೆದದ್ದು ಪೊಲೀಸರು ಎಂದು ಅಲ್ಲಿದ್ದವರು ಮೊದಲ ದಿನದಿಂದ ಹೇಳಿದರು. 1980ರ ವಿಚಾರಣೆಯಲ್ಲಿ ಅದು ಆಕಸ್ಮಿಕ ಸಾವು ಎಂದಾಯಿತು. ಪೊಲೀಸ್ ಇಲಾಖೆಯೊಳಗೇ ಕಮಾಂಡರ್ ಕ್ಯಾಸ್ ಎಂಬ ಅಧಿಕಾರಿ ತನಿಖೆ ಮಾಡಿ, ಏಟು ಕೊಟ್ಟವರು ಬಹುತೇಕ ಖಚಿತವಾಗಿ ಪೊಲೀಸರೇ ಎಂದು ವರದಿ ಬರೆದಿದ್ದರು. ಅದು ಸಾರ್ವಜನಿಕರ ಕೈಗೆ ಬಂದದ್ದು 2010ರಲ್ಲಿ. ನಡುವೆ 31 ವರ್ಷ. ಅಷ್ಟು ದಿನ ಸೌತಾಲ್‌ನ ಜನ ಹೇಳಿದ್ದು ‘ಆರೋಪ’, ಇಲಾಖೆ ಹೇಳಿದ್ದು ‘ಆಕರ’. ಆ 31 ವರ್ಷಗಳಲ್ಲಿ ಯಾರಾದರೂ ನಿಯಮ ತಪ್ಪದೆ ಪುಟ ಬರೆದಿದ್ದರೂ ಅದು ಅರ್ಧ ಸತ್ಯವೇ ಆಗುತ್ತಿತ್ತು.

ಹಾಗಾಗಿ ನಾನು ಹೇಳುವುದು ಹೋರಾಟಗಾರರು ಲೇಖಕರಾಗಲಿ ಎಂದಲ್ಲ. ಅವರು ದಾರಿ ತೋರಿಸಲಿ. ಯಾವ ವಾರಪತ್ರಿಕೆಯ ಯಾವ ಸಂಚಿಕೆಯಲ್ಲಿ ಸುದ್ದಿ ಬಂದಿತ್ತು, ಯಾವ ಲೈಬ್ರರಿಯಲ್ಲಿ ಅದಿದೆ, ಯಾವ ದಿನಾಂಕ ತಪ್ಪಾಗಿದೆ ಎಂದು ಚರ್ಚಾಪುಟದಲ್ಲಿ ಬರೆಯಲಿ. ಸಂಬಂಧವಿದ್ದವರು ಹಾಗೆ ಸೂಚಿಸುವುದಕ್ಕೆ ನಿಯಮದಲ್ಲೇ ಅವಕಾಶವಿದೆ. ತಿದ್ದುವವರು ಬೇರೆಯವರಿರಲಿ.

ಅದಕ್ಕಿಂತ ದೊಡ್ಡದು ಚಿತ್ರಗಳ ವಿಷಯ. ಇದು ಗೊತ್ತಾದಾಗ ನನಗೆ ನಿಜವಾಗಿಯೂ ಗಾಬರಿಯಾಯಿತು. ಬ್ರಿಟನ್ನಿನ ಕಾನೂನಿನಂತೆ ಒಂದು ಪೋಸ್ಟರ್ ಅಥವಾ ಫೋಟೊದ ಹಕ್ಕು, ಅದನ್ನು ಮಾಡಿದವರು ಸತ್ತು 70 ವರ್ಷದವರೆಗೆ ಇರುತ್ತದೆ. ಬದುಕಿರುವಾಗ ಅವರೇ “ಯಾರು ಬೇಕಾದರೂ ಬಳಸಲಿ” ಎಂದು ಮುಕ್ತ ಪರವಾನಗಿ ಕೊಟ್ಟರೆ ನಾಳೆಯೇ ಆ ಚಿತ್ರ ಪುಟಕ್ಕೆ ಬರುತ್ತದೆ. ತೀರಿಕೊಂಡರೆ ವಾರಸುದಾರರನ್ನು ಹುಡುಕಬೇಕು. ಅವರು ಒಬ್ಬರು ಕೆನಡಾದಲ್ಲಿ, ಒಬ್ಬರು ದುಬೈಯಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಒಂದೇ ರಾತ್ರಿಯಲ್ಲಿ ಬರೆದ ಪೋಸ್ಟರ್ ನಮ್ಮ ಮೊಮ್ಮಕ್ಕಳ ಕಾಲದವರೆಗೆ ಕಾನೂನಿನ ಬೀಗದೊಳಗೆ ಇರುತ್ತದೆ. ಬೇಕಾಗಿರುವುದು ಅವರ ಒಂದು ಇಮೇಲ್.

ಇದು ಆಗದ ಕೆಲಸವೇನಲ್ಲ. ಬ್ರಾಡ್‌ಫರ್ಡ್, ಷೆಫೀಲ್ಡ್ ಮುಂತಾದ ಕಡೆಗಳಲ್ಲಿದ್ದ ಏಷ್ಯನ್ ಯೂತ್ ಮೂವ್‌ಮೆಂಟ್‌ಗಳ ಕರಪತ್ರ, ಪೋಸ್ಟರ್, ಪತ್ರಿಕೆಗಳನ್ನು ಹಳೆಯ ಸದಸ್ಯರಿಂದಲೇ ಪಡೆದು ‘ತಂದನ’ ಎಂಬ ಡಿಜಿಟಲ್ ಸಂಗ್ರಹ ಮಾಡಿದ್ದಾರೆ. ಆ ಕೆಲಸದಲ್ಲಿದ್ದ ಆನಂದಿ ರಾಮಮೂರ್ತಿ 2013ರಲ್ಲಿ ‘ಬ್ಲ್ಯಾಕ್ ಸ್ಟಾರ್’ ಎಂಬ ಪುಸ್ತಕವನ್ನೂ ತಂದರು. ಪುಸ್ತಕ ಬಂದ ಮೇಲೆ ಅದು ‘ಪ್ರಕಟವಾದ ಆಕರ’. ಟ್ರಂಕಿನಿಂದ ಸಂಗ್ರಹಕ್ಕೆ, ಸಂಗ್ರಹದಿಂದ ಪುಸ್ತಕಕ್ಕೆ, ಪುಸ್ತಕದಿಂದ ವಿಶ್ವಕೋಶಕ್ಕೆ. ನಿಯಮ ಎಲ್ಲಿಯೂ ಮುರಿಯಲಿಲ್ಲ. ಬಾಯಿಮಾತನ್ನು ಆಕರವಾಗಿ ಹೇಗೆ ಬಳಸಬಹುದು ಎಂಬ ಪ್ರಯೋಗವೂ ನಡೆದಿದೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಅವರು ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಯವರ ಜೊತೆ ಅದನ್ನು ಮಾಡಿದರು.

ಹೋರಾಟಗಾರರ ನೆನಪು ಕೈಕೊಡುತ್ತದೆ, ಒಪ್ಪುತ್ತೇನೆ. ಅವರೊಳಗೇ ಜಗಳವಿದೆ, ಅದನ್ನೂ ಒಪ್ಪುತ್ತೇನೆ. ಗ್ರನ್‌ವಿಕ್‌ನ ಕೊನೆಯಲ್ಲಿ, 1977ರ ನವೆಂಬರಿನಲ್ಲಿ, ಜಯಾಬೆನ್ ಮತ್ತು ಸಂಗಡಿಗರು ಉಪವಾಸ ಕುಳಿತದ್ದು ಕಾರ್ಖಾನೆಯ ಮುಂದೆ ಅಲ್ಲ, ಕಾರ್ಮಿಕ ಸಂಘಗಳ ಒಕ್ಕೂಟದ ಕಚೇರಿಯ ಮುಂದೆ. ತಮ್ಮವರೇ ಕೈಬಿಟ್ಟರು ಎಂಬ ನೋವು ಅದು. ಅದಕ್ಕಾಗಿ ಅವರ ಸ್ವಂತ ಯೂನಿಯನ್ನೇ ಅವರನ್ನು ಸದಸ್ಯತ್ವದಿಂದ ಅಮಾನತು ಮಾಡಿತು. ಯೂನಿಯನ್ನಿನ ಅಂದಿನ ನಾಯಕನನ್ನು ಕೇಳಿದರೆ ಒಂದು ಕಥೆ, ಉಪವಾಸ ಕುಳಿತವರನ್ನು ಕೇಳಿದರೆ ಇನ್ನೊಂದು. ಇಬ್ಬರನ್ನೂ ಕೇಳಬೇಕು, ಇಬ್ಬರ ಕಾಗದಗಳನ್ನೂ ನೋಡಬೇಕು. ಹೊರಗಿನವರಿಗೆ ಅಲ್ಲೊಂದು ಜಗಳ ನಡೆದಿತ್ತು ಎನ್ನುವುದೇ ತಿಳಿದಿರುವುದಿಲ್ಲ. ಯಾವ ಪ್ರಶ್ನೆ ಕೇಳಬೇಕೆಂದು ಹೇಳಿಕೊಡುವವರೂ ಅವರೇ.

“ಲಂಡನ್ನಿನ ವಿಷಯ ನಮಗ್ಯಾಕೆ?” ಎಂದು ನನ್ನ ಬೆಂಚಿನವಳೇ ಕೇಳಿದಳು. ಲಂಡನ್ನಿನ ಆಲ್ತಾಬ್ ಅಲಿ ಪಾರ್ಕಿನ ಕಥೆ ಹೇಳಿದೆ. 1978ರ ಮೇ 4ರಂದು ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಬಂಗಾಳಿ ಯುವಕನನ್ನು ಆ ಜಾಗದ ಪಕ್ಕದ ಬೀದಿಯಲ್ಲಿ ಕೊಂದರು. ಹತ್ತು ದಿನದ ನಂತರ ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ನಡೆದರು. ಪಾರ್ಕಿಗೆ ಅವನ ಹೆಸರು ಬರಲು 1998 ಆಗಬೇಕಾಯಿತು. ಅವಳು ಸುಮ್ಮನಾದಳು. ಆಮೇಲೆ, ಅವಳ ಅಬ್ಬ ಹದಿನೆಂಟು ವರ್ಷ ಜುಬೈಲ್‌ನಲ್ಲಿ ವೆಲ್ಡರ್ ಆಗಿದ್ದದ್ದು, ಅಲ್ಲಿ ಒಮ್ಮೆ ಸಂಬಳ ನಿಂತಾಗ ಕ್ಯಾಂಪಿನವರೆಲ್ಲ ಸೇರಿ ಅರ್ಜಿ ಬರೆದದ್ದು, ಆ ಅರ್ಜಿಯ ಪ್ರತಿ ಮನೆಯ ಕಪಾಟಿನಲ್ಲಿ ಇನ್ನೂ ಇರುವುದು, ಎಲ್ಲವನ್ನೂ ಅವಳೇ ಹೇಳಿದಳು. ವಿಶ್ವಕೋಶಕ್ಕೆ ಅದು ಹೋಗುವ ದಿನ ಇನ್ನೂ ದೂರವಿದೆ. ಆದರೆ ಅವಳು ಮನೆಗೆ ಹೋಗಿ ಅದರ ಫೋಟೊ ತೆಗೆದಿಟ್ಟಿದ್ದಾಳೆ, ಹಿಂದೆ ದಿನಾಂಕ ಬರೆದು.

ನನ್ನ ಸೆಮಿನಾರ್ ಮುಗಿದು ಅಂಕವೂ ಬಂದಿದೆ, ಹೇಳಿಕೊಳ್ಳುವಂಥದ್ದಲ್ಲ. ಗ್ರನ್‌ವಿಕ್ ಬಗ್ಗೆ ಕನ್ನಡದಲ್ಲಿ ಬರೆಯಲು ಶುರುಮಾಡಿದ ಲೇಖನ ವಿಕಿಪೀಡಿಯದ ನನ್ನ ಪ್ರಯೋಗಪುಟದಲ್ಲಿ ಅರ್ಧವಾಗಿದೆ. ‘ಬ್ಲ್ಯಾಕ್’ ಪದವನ್ನು ಈ ಸಲ ಹಾಗೆಯೇ ಇಟ್ಟು, ಪಕ್ಕದಲ್ಲಿ ಎರಡು ಸಾಲು ವಿವರಣೆ ಕೊಟ್ಟಿದ್ದೇನೆ. ಮುಷ್ಕರದಲ್ಲಿದ್ದವರ ಸಂದರ್ಶನಗಳನ್ನು ಕೇಳಿ ಬರೆದುಕೊಳ್ಳಲು ಗುಜರಾತಿ ಅಥವಾ ಹಿಂದಿ ಚೆನ್ನಾಗಿ ಬರುವವರು ಬೇಕಾಗಿದ್ದಾರೆ. ಉರ್ದು ಮಾತಾಡುವ ಗೆಳೆಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಗುರುವಾರ ಅಸರ್ ನಮಾಜ್ ಆದ ಮೇಲೆ ಒಂದು ಗಂಟೆ ಕಂಪ್ಯೂಟರ್ ಲ್ಯಾಬ್ ತೆರೆದಿಡಲು ಮಿಸ್ ಒಪ್ಪಿದ್ದಾರೆ. ಇಯರ್‌ಫೋನ್ ನೀವೇ ತರಬೇಕು.