ಹೊಳಪಿಗೆ ಬೆಲೆ, ಚರಿತ್ರೆಗೆ ಮೌನ

2024ರ ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿನ ಹೊರವಲಯದ ಪಹಾಡಿ ಶರೀಫ್ ಪ್ರದೇಶದಲ್ಲಿ ಲ್ಯಾಂಬೊರ್ಗಿನಿ ಗಲ್ಲಾರ್ಡೊ ಕಾರೊಂದನ್ನು ರಸ್ತೆಯಲ್ಲೇ ಸುಟ್ಟುಹಾಕಲಾಯಿತು. ಅದು 2009ರ ಮಾದರಿ; ಬೆಲೆ ಸುಮಾರು ಒಂದು ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಮಾಲೀಕ ಅದನ್ನು ಮಾರಲು ಹೊರಟಿದ್ದ. ಹಳೆಯ ಕಾರುಗಳ ವ್ಯವಹಾರದವನೊಬ್ಬನೊಡನೆ ಇದ್ದ ಹಣದ ತಕರಾರು ಹೀಗೆ ಬೆಂಕಿಯಲ್ಲಿ ಕೊನೆಗೊಂಡಿತು ಎಂಬುದು ಪೊಲೀಸರು ಕೊಟ್ಟ ವಿವರ. ಆ ದೃಶ್ಯ ಊರೂರು ಸುತ್ತಿತು. ಬಹಳ ಮಂದಿ ನಕ್ಕರು. ಉಳ್ಳವರ ಆಟಿಕೆ ಉರಿದರೆ ನಮಗೇನು ನಷ್ಟ ಎಂಬುದು ಆ ನಗೆಯ ತಾತ್ಪರ್ಯ.

ಆ ನಗೆಯನ್ನು ನಾನು ಒಪ್ಪಲಾರೆ. ಕಾರಿನ ಮೇಲಿನ ಕನಿಕರದಿಂದ ಹೀಗೆನ್ನುತ್ತಿಲ್ಲ. ಬಾಯಿಮಾತು, ಪರಿಚಯ ಮತ್ತು ಹೊಳಪನ್ನೇ ನಂಬಿ ನಡೆಯುವ ಒಂದು ವ್ಯಾಪಾರ ನಮ್ಮ ನಗರಗಳಲ್ಲಿ ಬೆಳೆದು ನಿಂತಿದೆ. ಅದರ ಬಿಸಿ ತಟ್ಟುವುದು ಕೋಟ್ಯಧಿಪತಿಗಳಿಗಿಂತ ಹೆಚ್ಚಾಗಿ ಮಧ್ಯಮ ವರ್ಗದ ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ. ಕೋಟ್ಯಧಿಪತಿ ಹೊಸ ಕಾರನ್ನೇ ಕೊಳ್ಳುತ್ತಾನೆ. ಹತ್ತು ಹದಿನೈದು ವರ್ಷ ಹಳೆಯದಾದ ಪೋರ್ಷೆ ಬಾಕ್ಸ್‌ಸ್ಟರ್ ಅಥವಾ ಕೇಮನ್ ಕಾರಿನ ಮುಂದೆ ನಿಂತು ಲೆಕ್ಕ ಹಾಕುವವರು ಮಾಧಾಪುರ, ಗಚ್ಚಿಬೌಲಿಗಳಲ್ಲಿ ಸಂಬಳಕ್ಕೆ ದುಡಿಯುವ ಮಂದಿ. ಅವರಲ್ಲಿ ಬೀದರ್, ಕಲಬುರಗಿ, ರಾಯಚೂರುಗಳಿಂದ ಹೋದ ನಮ್ಮವರೂ ಇದ್ದಾರೆ. ದೊಡ್ಡ ಹೊಸ ಕಾರಿಗೆ ಕೊಡುವ ಹಣದಲ್ಲೇ ಕನಸಿನ ಕಾರು ಸಿಗುತ್ತದೆಂಬ ಮಾತು ಅವರನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಆ ಮಾತಿನಲ್ಲೇ ಮೋಸವಿದೆ. ಹಳೆಯದಾದಾಗ ಇಳಿಯುವುದು ಕಾರಿನ ಮಾರಾಟದ ಬೆಲೆ ಮಾತ್ರ. ಅದನ್ನು ಸಾಕುವ ಖರ್ಚು ಇಳಿಯುವುದಿಲ್ಲ. ಬಿಡಿಭಾಗಕ್ಕೆ ತನ್ನ ಕಾರು ಎಷ್ಟನೆಯ ಕೈಗೆ ಬಂದಿದೆ ಎಂಬುದು ತಿಳಿಯದು. ಎಂಜಿನ್ ನಡುವೆ ಇರುವ ಕಾರುಗಳಲ್ಲಂತೂ ಈ ಅಂತರ ಇನ್ನೂ ದೊಡ್ಡದು. ಚಾಲಕನ ಬೆನ್ನ ಹಿಂದೆ, ಹಿಂಬದಿಯ ಅಚ್ಚಿನ ಮುಂದೆ ಎಂಜಿನ್ ಕೂರಿಸಿದರೆ ಭಾರವೆಲ್ಲ ನಡುವಿಗೆ ಬಂದು ಕಾರು ತಿರುವುಗಳಲ್ಲಿ ಚುರುಕಾಗಿ ಹೊರಳುತ್ತದೆ. 1966ರಲ್ಲಿ ಲ್ಯಾಂಬೊರ್ಗಿನಿ ಮಿಯುರಾ ಬಂದ ಮೇಲೆ ಜಗತ್ತಿನ ವೇಗದ ಕಾರುಗಳು ಬಹುತೇಕ ಹಿಡಿದದ್ದು ಇದೇ ದಾರಿ. ಆದರೆ ಈ ಚುರುಕಿಗೆ ತೆರುವ ಬೆಲೆಯೆಂದರೆ, ಎಂಜಿನ್ ಕೈಗೆಟುಕದ ಜಾಗಕ್ಕೆ ಸೇರುತ್ತದೆ. ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಬಾಕ್ಸ್‌ಸ್ಟರ್ ಕಾರಿನ ಎಂಜಿನ್ ಮಾಲೀಕನ ಕಣ್ಣಿಗೇ ಬೀಳುವುದಿಲ್ಲ. ಅದರ ರೇಡಿಯೇಟರುಗಳು ಮುಂದಿನ ಬಂಪರಿನೊಳಗೆ ಇರುವುದರಿಂದ ಎಲೆ, ಧೂಳು ಅಲ್ಲಿ ಸೇರಿ ಕಟ್ಟಿಕೊಳ್ಳುತ್ತವೆ. ಅದರ ಹಳೆಯ ಮಾದರಿಗಳಲ್ಲಿ ಎಂಜಿನ್ನಿನ ಒಳಗಿನ ಒಂದು ಬೇರಿಂಗ್ ಸವೆದು ಮುರಿದರೆ ಇಡೀ ಎಂಜಿನ್ ಹಾಳಾಗುತ್ತದೆ ಎಂಬುದು ಈ ಕಾರುಗಳನ್ನು ಬಲ್ಲವರಿಗೆಲ್ಲ ಗೊತ್ತು. ಇಂಥ ಯಂತ್ರದಲ್ಲಿ ಕಣ್ಣಿಗೆ ಕಾಣದ್ದೇ ಹೆಚ್ಚು; ಅದನ್ನು ತಿಳಿಯಲು ಇರುವ ಸಾಕ್ಷಿ ಅದರ ಸರ್ವಿಸ್ ದಾಖಲೆ.

ಮಳಿಗೆಗಳು ತೋರಿಸುವುದಾದರೂ ಏನನ್ನು? ಉಜ್ಜಿ ಹೊಳಪೇರಿಸಿದ ಬಣ್ಣ, ಹೊಸ ಚರ್ಮದ ಆಸನ, ಕಡಿಮೆ ಕಿಲೋಮೀಟರಿನ ಅಂಕಿ. ಕಿಲೋಮೀಟರ್ ಕಡಿಮೆಯೆಂಬುದನ್ನೇ ಸದ್ಗುಣವೆಂದು ಮಾರುತ್ತಾರೆ. ಆದರೆ ವರ್ಷಗಟ್ಟಲೆ ನಿಂತ ಕಾರಿನ ರಬ್ಬರು ಒಣಗುತ್ತದೆ, ಟೈರು ಗಟ್ಟಿಯಾಗುತ್ತದೆ, ಎಣ್ಣೆ ಕೆಡುತ್ತದೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳು ಮುಳುಗಿದವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತ ಬಡಾವಣೆಗಳಲ್ಲೇ ಕಾರುಗಳು ನೀರಿನಲ್ಲಿ ನಿಂತವು. ನೀರು ಕುಡಿದ ಕಾರಿನ ವೈರಿಂಗಿನೊಳಗಿನ ತುಕ್ಕು ಮಳಿಗೆಯ ದೀಪದಡಿ ಕಾಣುವುದಿಲ್ಲ. ಸರಕಾರದ ವಾಹನ್ ಜಾಲತಾಣದಲ್ಲಿ ನೋಂದಣಿಯೂ ವಿಮೆಯ ಅವಧಿಯೂ ಸಿಗುತ್ತವೆ; ಆ ಕಾರು ಎಲ್ಲಿ ಡಿಕ್ಕಿ ಹೊಡೆಯಿತು, ಎಷ್ಟು ದಿನ ನೀರಿನಲ್ಲಿ ನಿಂತಿತ್ತು ಎಂಬುದು ಸಿಗುವುದಿಲ್ಲ.

ಇನ್ನು ಕಾಗದಪತ್ರಗಳ ವಿಚಾರ. ತೆಲಂಗಾಣದಲ್ಲಿ ಕೊಂಡ ಕಾರನ್ನು ಬೀದರಿಗೋ ಕಲಬುರಗಿಗೋ ತಂದು ಇಟ್ಟುಕೊಳ್ಳುವವರಿಗೆ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮು ಗೊತ್ತಿರಬೇಕು: 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿ ಇಡುವುದಾದರೆ ಅಲ್ಲಿನ ನೋಂದಣಿ ಪಡೆಯಲೇಬೇಕು. ಅದರೊಡನೆ ಅಲ್ಲಿನ ತೆರಿಗೆಯೂ ಬರುತ್ತದೆ. ಅಗ್ಗವೆಂದು ಕೊಂಡದ್ದರ ಮೇಲೆ ಲಕ್ಷಗಟ್ಟಲೆ ಹಣ ಕಟ್ಟಬೇಕೆಂಬುದನ್ನು ಯಾವ ಮಳಿಗೆಯವನೂ ಮೊದಲು ಹೇಳುವುದಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಸಾರಿಗೆ ಇಲಾಖೆ ತೆರಿಗೆ, ದಂಡಗಳೆಂದು ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡಿತು. ಅದೇ ವರ್ಷ ಐಷಾರಾಮಿ ಕಾರುಗಳ ಆಮದು ಬೆಲೆಯನ್ನು ಕಡಿಮೆ ತೋರಿಸಿ ಸುಂಕ ತಪ್ಪಿಸಿದ ಆರೋಪದ ಮೇಲೆ ಹೈದರಾಬಾದಿನ ವ್ಯಾಪಾರಿಯೊಬ್ಬನ ಬಂಧನವೂ ಆಯಿತು. ಹೀಗೆ ತಪ್ಪಿಸಿದ ಹಣ ರಸ್ತೆಗೂ ಶಾಲೆಗೂ ಸೇರಬೇಕಾದದ್ದು. ಉಳ್ಳವರ ಆಟಿಕೆ ನಮಗೇಕೆ ಎನ್ನುವವರಿಗೆ ಇದೇ ನನ್ನ ಉತ್ತರ.

‘ಹಳೆಯ ಸಾಮಾನು, ಇದ್ದ ಹಾಗೆ ಮಾರುತ್ತೇವೆ, ನೋಡಿ ಕೊಳ್ಳುವುದು ಕೊಳ್ಳುವವನ ಜವಾಬ್ದಾರಿ’ ಎಂಬುದು ವ್ಯಾಪಾರಿಗಳ ವಾದ. ನೋಡಲು ಬಿಟ್ಟರಲ್ಲವೇ ಜವಾಬ್ದಾರಿ? ಕಾರನ್ನು ಲಿಫ್ಟಿನ ಮೇಲೆ ಏರಿಸಿ ಕೆಳಗಿನ ಹೊದಿಕೆ ಕಳಚಲು, ಕಂಪ್ಯೂಟರ್ ಜೋಡಿಸಿ ಕ್ಲಚ್ಚಿನ ಸವೆತ ಓದಲು ಒಪ್ಪದವನು ಕೊಳ್ಳುವವನ ಎಚ್ಚರದ ಬಗ್ಗೆ ಉಪದೇಶ ಮಾಡುವಂತಿಲ್ಲ. ಬಚ್ಚಿಡುವ ಹಕ್ಕು ಒಬ್ಬನಿಗೆ, ಹುಡುಕುವ ಹೊಣೆ ಇನ್ನೊಬ್ಬನಿಗೆ ಎಂಬುದನ್ನು ವ್ಯಾಪಾರಧರ್ಮ ಎನ್ನಲಾಗದು.

ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಬಳಸಿದ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕೆಂದೂ, ಮಾಲೀಕ ಕಾರನ್ನು ಒಪ್ಪಿಸಿದ್ದನ್ನು ಇಲಾಖೆಗೆ ತಿಳಿಸಬೇಕೆಂದೂ ವಿಧಿಸಿತು. ಒಳ್ಳೆಯ ಹೆಜ್ಜೆ, ಆದರೆ ಅರ್ಧ ದಾರಿಯದು. ಕಾರು ಯಾರ ಕೈಯಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ. ಕಾರಿಗೆ ಏನಾಗಿದೆ ಎಂಬುದು ತಿಳಿಯುವುದಿಲ್ಲ. ದುರಸ್ತಿಯ ದಾಖಲೆ, ವಿಮೆಯ ಪರಿಹಾರ ಪಡೆದ ವಿವರ, ಯಂತ್ರದ ತಪಾಸಣೆಯ ವರದಿ, ಈ ಮೂರನ್ನೂ ಮಾರುವವನು ಸಹಿ ಹಾಕಿ ಕೊಡಬೇಕೆಂಬ ಕಟ್ಟಳೆ ಬರಬೇಕು. ಅದು ಬರುವ ತನಕ ಆ ಕಟ್ಟಳೆಯನ್ನು ಕೊಳ್ಳುವವರೇ ಹೇರಬೇಕು: ದಾಖಲೆ ಇಲ್ಲವೆಂದರೆ ಮುಂಗಡ ಇಲ್ಲ.

ವಸ್ತುವಿನ ಬೆಲೆ ಅದರ ಚರಿತ್ರೆಯಲ್ಲಿದೆ ಎಂಬುದನ್ನು ಹೈದರಾಬಾದಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಇದೆ. ಅದನ್ನು ಮಾಡಿಸಲು ಹೇಳಿದವರು ಆರನೆಯ ನಿಜಾಮರು. ಅದು ಕೈಸೇರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ನೂರು ವರ್ಷ ದಾಟಿದ ಆ ಕಾರನ್ನು ಯಾರು ಮಾಡಿಸಿದರು, ಅದು ಯಾರ ಪಾಲಿಗೆ ಬಂತು ಎಂಬುದೆಲ್ಲ ಇಂದಿಗೂ ತಿಳಿದಿದೆ. ಅದೇ ಊರಿನ ಮಳಿಗೆಯಲ್ಲಿ ಹದಿನೈದು ವರ್ಷದ ಕಾರೊಂದರ ಹಿಂದಿನ ಕಥೆ ಕೇಳಿದರೆ ಮಾರುವವನು ಬಣ್ಣದ ಕಡೆ ಬೆರಳು ತೋರಿಸುತ್ತಾನೆ. ಆ ಬೆರಳನ್ನು ಹಿಂಬಾಲಿಸುವ ಬದಲು, ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳುವವರ ಸಂಖ್ಯೆ ಹೆಚ್ಚಬೇಕು.